‘ದಿ ಹಾಂಟಿಂಗ್’ ಸಿನಿಮಾದ ದೆವ್ವ ನಿಜವಾ, ಎಲಿನರ್ ಭ್ರಮೆಯಾ?

ಓದುಗರ ಪ್ರಶ್ನೆ: 1963ರ ‘ದಿ ಹಾಂಟಿಂಗ್’ ನೋಡಿದೆ. ಕೊನೆವರೆಗೂ ದೆವ್ವ ಕಣ್ಣಿಗೆ ಬೀಳಲೇ ಇಲ್ಲ. ಆ ಮನೆಯಲ್ಲಿ ನಿಜವಾಗಿ ಏನಾದರೂ ಇತ್ತಾ, ಎಲ್ಲಾ ಎಲಿನರ್ ತಲೆಯೊಳಗಿನದ್ದಾ?

ಇತ್ತು ಅಂತಲೇ ನನ್ನ ಉತ್ತರ. ಯಾಕೆ ಅಂತ ಹೇಳುವಾಗ ಕಥೆಯ ಕೊನೆಯೂ ಬರುತ್ತದೆ. ಸಿನಿಮಾ ನೋಡಿಲ್ಲದವರು ನೋಡಿಯೇ ಮುಂದೆ ಓದಿ.

ಇದೇ ಅನುಮಾನ ಚಿತ್ರಕಥೆ ಬರೆದ ನೆಲ್ಸನ್ ಗಿಡ್ಡಿಂಗ್ ಅವರಿಗೂ ಬಂದಿತ್ತು. ಸಿನಿಮಾಕ್ಕೆ ಮೂಲವಾದ, ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಓದುತ್ತಾ, ಇದು ಮನಸ್ಸು ಕೆಟ್ಟ ಹೆಂಗಸಿನ ಕಥೆ ಇರಬೇಕು ಅಂತ ಅವರಿಗೆ ಅನ್ನಿಸಿತು. ಜಾಕ್ಸನ್ ಅವರನ್ನೇ ಕಂಡು ಕೇಳಿದರು. ಯೋಚನೆ ಚೆನ್ನಾಗಿದೆ, ಆದರೆ ತಾನು ಬರೆದದ್ದು ದೆವ್ವದ ಕಥೆಯನ್ನೇ ಅಂತ ಜಾಕ್ಸನ್ ಹೇಳಿದರು.

ಆದರೂ ಆ ಅನುಮಾನ ಸಿನಿಮಾದೊಳಗೆ ಉಳಿದುಕೊಂಡಿದೆ. ದೆವ್ವ ಇದೆ ಅನ್ನುವ ಹಿಲ್ ಹೌಸ್ ಎಂಬ ಮನೆಯನ್ನು ಪರೀಕ್ಷಿಸಲು ಡಾಕ್ಟರ್ ಮಾರ್ಕ್‌ವೇ, ಎಲಿನರ್ ಮತ್ತು ಥಿಯೋ ಎಂಬ ಇಬ್ಬರು ಹೆಂಗಸರನ್ನು ಕರೆಸುತ್ತಾನೆ. ಮುಂದೆ ಆ ಮನೆಗೆ ವಾರಸುದಾರನಾಗಲಿರುವ ಲೂಕ್ ಕೂಡ ಜೊತೆಗಿರುತ್ತಾನೆ. ಎಲಿನರ್ ವರ್ಷಗಟ್ಟಲೆ ಕಾಯಿಲೆಯ ತಾಯಿಯ ಸೇವೆ ಮಾಡಿದವಳು. ತಾಯಿ ಸತ್ತ ರಾತ್ರಿ ಗೋಡೆ ಬಡಿದು ಕರೆದಿದ್ದರು, ಇವಳು ಏಳಲಿಲ್ಲ. ಹಿಲ್ ಹೌಸ್‌ನ ಮೊದಲ ರಾತ್ರಿ ದಡ್ ದಡ್ ಅಂತ ಸದ್ದು ಕೇಳಿದಾಗ ನಿದ್ದೆಗಣ್ಣಿನಲ್ಲಿ ಅವಳು ಓಗೊಡುವುದು ಅಮ್ಮನಿಗೇ. ಜೂಲಿ ಹ್ಯಾರಿಸ್ ಈ ಪಾತ್ರವನ್ನು ಎಷ್ಟು ನವಿರಾಗಿ ಮಾಡಿದ್ದಾರೆ ಅಂದರೆ, ಪಾಪ, ಇವಳ ತಪ್ಪಿತಸ್ಥ ಭಾವವೇ ಗೋಡೆ ಬಡಿಯುತ್ತಿದೆ ಅಂತ ನಮಗೆ ಅನ್ನಿಸಿಬಿಡುತ್ತದೆ.

ಆದರೆ ಆ ಸದ್ದು ಥಿಯೋಗೂ ಕೇಳಿಸುತ್ತದೆ, ಅಲ್ವಾ? ಮಕ್ಕಳ ಕೋಣೆಯ ಬಾಗಿಲಲ್ಲಿರುವ ಆ ವಿಚಿತ್ರ ಚಳಿ ಎಲ್ಲರ ಮೈಗೂ ತಾಗುತ್ತದೆ. ಬಾಗಿಲು ಒಳಕ್ಕೆ ಉಬ್ಬುವ ದೃಶ್ಯದಲ್ಲಂತೂ ನಾಲ್ಕೂ ಜನ ಒಂದೇ ಕೋಣೆಯಲ್ಲಿದ್ದಾರೆ, ನಾಲ್ಕೂ ಜನ ನೋಡುತ್ತಾರೆ. ಯಾವುದನ್ನೂ ನಂಬದೆ ನಗುತ್ತಿದ್ದ ಲೂಕನೇ ಕೊನೆಗೆ ಈ ಮನೆಯನ್ನು ಸುಟ್ಟು ಹಾಕಬೇಕು ಅನ್ನುತ್ತಾನೆ. ಎಲಿನರ್ ಒಬ್ಬಳಿಗೇ ಆಗುವ ಅನುಭವ ಅಂದರೆ ಮುಖ್ಯವಾಗಿ ಕೈ ಹಿಡಿದ ದೃಶ್ಯ. ಕತ್ತಲಲ್ಲಿ ಥಿಯೋ ಕೈ ಅಂತ ಬಿಗಿಯಾಗಿ ಹಿಡಿದಿರುತ್ತಾಳೆ. ಬೆಳಕು ಬಂದರೆ ಥಿಯೋ ದೂರದಲ್ಲಿದ್ದಾಳೆ. ಅದಕ್ಕೆ ಮಾತ್ರ ಸಾಕ್ಷಿ ಇಲ್ಲ.

ಗೊಂದಲ ಹುಟ್ಟಿಸುವುದು ನಿರ್ದೇಶಕ ರಾಬರ್ಟ್ ವೈಸ್ ಅವರ ಕಸುಬು. ಏನನ್ನೂ ತೋರಿಸದೆ ಹೆದರಿಸುವುದನ್ನು ಅವರು ಕಲಿತದ್ದು 1940ರ ದಶಕದಲ್ಲಿ, ನಿರ್ಮಾಪಕ ವ್ಯಾಲ್ ಲ್ಯೂಟನ್ ಬಳಿ. ಇಲ್ಲಿ ಅವರು ಬಳಸಿದ, ಅಗಲವಾದ ನೋಟ ಹಿಡಿಯುವ 30 ಎಂಎಂ ಪ್ಯಾನಾವಿಷನ್ ಲೆನ್ಸ್ ಇನ್ನೂ ಪೂರ್ತಿ ತಯಾರಾಗಿರಲಿಲ್ಲ, ಚಿತ್ರ ಸೊಟ್ಟಗೆ ಬರುತ್ತಿತ್ತು. ಅವರಿಗೆ ಬೇಕಾಗಿದ್ದೂ ಅದೇ. ಲೆನ್ಸ್‌ನಲ್ಲಿ ದೋಷವಿದೆ ಅಂತ ಗೊತ್ತಿದ್ದೇ ತೆಗೆದುಕೊಳ್ಳುತ್ತಿದ್ದೇನೆ ಅಂತ ಬರೆದು ಸಹಿ ಹಾಕಿಕೊಟ್ಟು ತಂದರು. ಹಿಲ್ ಹೌಸ್ ಆಗಿ ಕಾಣುವ, ಇಂಗ್ಲೆಂಡಿನ ಎಟಿಂಗ್ಟನ್ ಪಾರ್ಕ್ ಎಂಬ ಬಂಗಲೆಯ ಹೊರನೋಟ ಇನ್ನಷ್ಟು ಭಯ ಹುಟ್ಟಿಸಲಿ ಅಂತ ಅದನ್ನು ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ತೆಗೆದರು. ಉಬ್ಬುವ ಬಾಗಿಲು ಬರೀ ಮರದ ಪದರಗಳದ್ದು, ಹಿಂದೆ ನಿಂತು ಬಲವಾಗಿ ಒತ್ತಿದ್ದು ಮನುಷ್ಯರೇ. ಇಷ್ಟೆಲ್ಲ ಗೊತ್ತಿದ್ದೂ ಆ ದೃಶ್ಯ ಬಂದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1999ರಲ್ಲಿ ಇದೇ ಕಥೆಯನ್ನು ಮತ್ತೆ ಸಿನಿಮಾ ಮಾಡಿ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ದೆವ್ವ ತೋರಿಸಿದರು. ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಭಯವೂ ಹುಟ್ಟುವುದಿಲ್ಲ.

ನನಗೆ ಜಾಸ್ತಿ ಕುತೂಹಲ ಇರುವುದು ಕೊನೆಯ ಬಗ್ಗೆ. ಕಾದಂಬರಿಯಲ್ಲಿ ಎಲಿನರ್ ತಾನೇ ಕಾರನ್ನು ಮರದ ಕಡೆ ಓಡಿಸುತ್ತಾಳೆ. ಗುದ್ದುವ ಮುಂಚಿನ ಒಂದು ಕ್ಷಣ, ಯಾಕೆ ಹೀಗೆ ಮಾಡುತ್ತಿದ್ದೇನೆ ಅನ್ನುವ ಪ್ರಶ್ನೆ ಅವಳಿಗೆ ಹೊಳೆಯುತ್ತದೆ. ಸಿನಿಮಾದಲ್ಲಿ ಸ್ಟೀರಿಂಗ್ ಅವಳ ಹಿಡಿತಕ್ಕೆ ಸಿಗುವುದಿಲ್ಲ, ಜೊತೆಗೆ ಡಾಕ್ಟರ್ ಮಾರ್ಕ್‌ವೇ ಹೆಂಡತಿ ದಾರಿಗೆ ಅಡ್ಡ ಓಡುತ್ತಾಳೆ. ನೋಡಿ, ದೆವ್ವ ನಿಜ ಅಂದ ಲೇಖಕಿ ಕೊನೆಯನ್ನು ಎಲಿನರ್ ಮನಸ್ಸಿಗೇ ಬಿಟ್ಟಿದ್ದಾರೆ. ಎಲ್ಲಾ ಅವಳ ಮನಸ್ಸಿನದು ಅಂತ ಅನುಮಾನಿಸಿದ ಗಿಡ್ಡಿಂಗ್ ಕಾರಿನ ಸ್ಟೀರಿಂಗನ್ನು ಮನೆಯ ಕೈಗೆ ಕೊಟ್ಟಿದ್ದಾರೆ. ನಿಮ್ಮ ಅನುಮಾನ ಇನ್ನೂ ಹೋಗಿಲ್ಲವಾದರೆ ಕಾದಂಬರಿ ಓದಿ. ಅಲ್ಲಿ ಅದಕ್ಕೆ ಸಿನಿಮಾಕ್ಕಿಂತ ಜಾಸ್ತಿ ಜಾಗ ಇದೆ.