ಚಂದಾ ಕಟ್ಟದಿದ್ದರೆ ಎಲೆಕ್ಟ್ರಿಕ್ ಕಾರು ನಿಂತುಬಿಡುತ್ತದೆಯೇ?

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಳ್ಳುವ ವಿಚಾರವಿದೆ. ಆದರೆ ಸಾಫ್ಟ್‌ವೇರಿಗೆ ವರ್ಷವರ್ಷವೂ ಚಂದಾ ಕಟ್ಟಬೇಕು, ಇಲ್ಲದಿದ್ದರೆ ಕಂಪನಿಯವರು ಕಾರನ್ನೇ ನಿಲ್ಲಿಸುತ್ತಾರೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ಇದು ನಿಜವೇ? (ಓದುಗರೊಬ್ಬರು, ಶಿರಸಿ)

ಉತ್ತರ: ಆ್ಯಪ್‌ನ ಚಂದಾ ಮುಗಿದ ಮಾತ್ರಕ್ಕೆ ಕಾರು ನಿಲ್ಲುವುದಿಲ್ಲ. ಮೋಟಾರು, ಬ್ರೇಕು, ಬ್ಯಾಟರಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಕಾರಿನೊಳಗೇ ಇರುತ್ತದೆ. ಅದಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ, ಮೊಬೈಲಿಗೆ ಸಿಗ್ನಲ್ ಸಿಗದ ತಿರುವುಗಳಲ್ಲಿಯೂ ಕಾರು ಎಂದಿನಂತೆ ಓಡುತ್ತದೆ, ಇಳಿಜಾರಿನಲ್ಲಿ ಬ್ಯಾಟರಿಗೆ ಒಂದಿಷ್ಟು ಚಾರ್ಜನ್ನೂ ಮರಳಿಸುತ್ತದೆ. ಅಂಥ ತಿರುವಿನಲ್ಲಿ ಯಾವುದು ಕೆಲಸ ಮಾಡುವುದಿಲ್ಲವೋ, ಹೆಚ್ಚುಕಡಿಮೆ ಅದೇ ಚಂದಾ ಮುಗಿದಾಗಲೂ ನಿಲ್ಲುತ್ತದೆ: ಚಾರ್ಜು ಎಷ್ಟಾಯಿತೆಂದು ಮನೆಯೊಳಗಿನಿಂದ ಫೋನಿನಲ್ಲಿ ನೋಡುವುದು, ಹೊರಡುವ ಮೊದಲೇ ಎ.ಸಿ. ಹಾಕುವುದು, ಕಾರು ಎಲ್ಲಿದೆಯೆಂದು ತಿಳಿಯುವುದು. ಇವೆಲ್ಲ ಕಾರಿನಲ್ಲಿರುವ ಸಿಮ್ ಮತ್ತು ಕಂಪನಿಯ ಸರ್ವರ್ ಮೂಲಕ ನಡೆಯುವ ಕೆಲಸಗಳು. ಕೆಲವು ವರ್ಷ ಉಚಿತವಾಗಿದ್ದು ಆಮೇಲೆ ಶುಲ್ಕ ಬೀಳುವುದು ಸಾಮಾನ್ಯವಾಗಿ ಇವಕ್ಕೇ, ಅದೂ ಪೆಟ್ರೋಲ್ ಕಾರುಗಳಲ್ಲಿಯೂ.

ಹಾಗೆಂದು ಹೆದರಿಕೆಗೆ ಆಧಾರವೇ ಇಲ್ಲವೆನ್ನಲಾಗದು. ಮರ್ಸಿಡಿಸ್ ಕಂಪನಿಯು 2022ರಲ್ಲಿ ಅಮೆರಿಕದ ತನ್ನ ಕೆಲವು ಎಲೆಕ್ಟ್ರಿಕ್ ಕಾರುಗಳ ವೇಗೋತ್ಕರ್ಷ (ಕಾರು ವೇಗ ಪಡೆಯುವ ಚುರುಕು) ಹೆಚ್ಚಿಸಲು ವರ್ಷಕ್ಕೆ 1,200 ಡಾಲರ್ ಶುಲ್ಕ ಘೋಷಿಸಿತು. ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ಚಂದಾ ಕೇಳಿ, ಟೀಕೆಗಳ ನಂತರ 2023ರಲ್ಲಿ ಅದನ್ನು ಕೈಬಿಟ್ಟಿತು. (ಕಾರವಾರದ ಸೆಕೆಯಲ್ಲಿ ಅದಕ್ಕೆ ಗಿರಾಕಿ ಸಿಗುತ್ತಿರಲಿಲ್ಲ, ಆ ಮಾತು ಬೇರೆ.) ಎರಡೂ ಕಡೆ ಯಂತ್ರಭಾಗ ಕಾರಿನಲ್ಲಿ ಮೊದಲೇ ಇತ್ತು, ಸಾಫ್ಟ್‌ವೇರ್ ಅದಕ್ಕೆ ಬೀಗ ಹಾಕಿತ್ತು.

ಹಣ ಕೊಡುತ್ತೇನೆಂದರೂ ಸೇವೆ ಸಿಗದಿರುವ ಸಾಧ್ಯತೆಯೇ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು. ಬ್ರಿಟನ್ನಿನಲ್ಲಿ 2ಜಿ ಜಾಲ ನಿಲ್ಲಲಿದೆಯೆಂಬ ಕಾರಣಕ್ಕೆ ನಿಸಾನ್ ಕಂಪನಿಯು ಹಳೆಯ ಲೀಫ್ ಕಾರುಗಳ ಆ್ಯಪ್ ಸೇವೆಯನ್ನು 2024ರ ಏಪ್ರಿಲ್‌ನಲ್ಲಿ ಮುಚ್ಚಿತು. ಕಾರುಗಳು ಓಡುತ್ತಲೇ ಇದ್ದವು. ಅದೇ ವರ್ಷ ಜೂನ್‌ನಲ್ಲಿ ದಿವಾಳಿಯಾದ ಅಮೆರಿಕದ ಫಿಸ್ಕರ್ ಕಂಪನಿಯ ಕಾರು ಕೊಂಡವರ ಪಾಡು ಇದಕ್ಕಿಂತ ಕಷ್ಟದ್ದು, ಏಕೆಂದರೆ ಸಾಫ್ಟ್‌ವೇರಿನ ದೋಷ ತಿದ್ದಬೇಕಾದ ಕಂಪನಿಯೇ ಇಲ್ಲವಾಯಿತು.

ಬ್ಯಾಟರಿಯನ್ನು ಕೊಳ್ಳದೆ ಬಾಡಿಗೆಗೆ ಪಡೆದರೆ ಅದು ಬೇರೆಯೇ ಲೆಕ್ಕ. ಎಂಜಿ ವಿಂಡ್ಸರ್ ಎಂಬ ಎಲೆಕ್ಟ್ರಿಕ್ ಕಾರು 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ, ಹೀಗೆ ಕೊಂಡರೆ ಬ್ಯಾಟರಿ ಬಿಟ್ಟು ಕಾರಿನ ಬೆಲೆ 9.99 ಲಕ್ಷ ರೂಪಾಯಿಯಿಂದ ಆರಂಭವಾಗಿ, ಬ್ಯಾಟರಿಗೆ ಕಿ.ಮೀ.ಗೆ 3.5 ರೂಪಾಯಿ ಬಾಡಿಗೆಯಿತ್ತು. ಆ ದರದಲ್ಲಿ ಶಿರಸಿಯಿಂದ ಕುಮಟಾಕ್ಕೆ ಹೋಗಿಬರುವ ಸುಮಾರು 120 ಕಿ.ಮೀ.ಗೆ 420 ರೂಪಾಯಿಯಾಗುತ್ತದೆ, ಕರೆಂಟಿನ ಖರ್ಚು ಪ್ರತ್ಯೇಕ. ಆ್ಯಪ್ ಚಂದಾದಂತೆ ಇದನ್ನು ಬೇಡವೆಂದಾಗ ಬಿಡಲಾಗದು. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ.ಯ ಬಾಡಿಗೆ ಕೊಡಲೇಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂಬುದನ್ನು ಸಹಿ ಹಾಕುವ ಮೊದಲು ಓದಿರಿ.

ಶೋರೂಮಿನಲ್ಲಿ, ಆ್ಯಪ್ ಸೇವೆ ಯಾವ ತಾರೀಖಿನವರೆಗೆ ಉಚಿತ, ಆಮೇಲೆ ಶುಲ್ಕವೆಷ್ಟು, ಕಾರು ಮಾರಿದರೆ ಅದು ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ದಾರಿ ಹುಡುಕಲು ಫೋನಿನ ನಕ್ಷೆಯೇ ಸಾಕಾಗುವುದರಿಂದ ಅದೊಂದಕ್ಕಾಗಿ ಚಂದಾ ಕಟ್ಟುವುದು ಅನಗತ್ಯ. ಸೆಕೆಂಡ್ ಹ್ಯಾಂಡ್ ಕಾರಾದರೆ, ಹಳೆಯ ಮಾಲೀಕರು ತಮ್ಮ ಆ್ಯಪ್ ಖಾತೆಯಿಂದ ಕಾರನ್ನು ನಿಮ್ಮೆದುರಿಗೇ ತೆಗೆದುಹಾಕಲಿ. ಇಲ್ಲವಾದರೆ ಬಾಗಿಲಿನ ಲಾಕ್ ತೆಗೆಯುವ ಅಧಿಕಾರ ಅವರ ಫೋನಿನಲ್ಲಿಯೇ ಉಳಿಯಬಹುದು.