ಗೋದಾಮಿನ ಸಕ್ಕರೆಗೆ ದುಡ್ಡು ಹಾಕಿದವರು ಯಾರು?

ಊರಾಚೆ ಸೈಟು ಕೊಂಡವರು ‘ಇನ್ವೆಸ್ಟ್‌ಮೆಂಟ್ ಮಾಡಿದ್ದೇನೆ’ ಎನ್ನುತ್ತಾರೆ. ದೇಶದ ಲೆಕ್ಕಪತ್ರದಲ್ಲಿ ಅದು ಹೂಡಿಕೆಯೇ ಅಲ್ಲ. ನೆಲ ಇದ್ದಲ್ಲೇ ಇದೆ, ಹಣ ಕೈ ಬದಲಾಗಿದೆ. ಅದರ ಮೇಲೆ ಮನೆ ಎದ್ದರೆ ಆಗ ಅದು ಸ್ಥಿರ ಆಸ್ತಿಯ, ಅಂದರೆ ವರ್ಷಗಟ್ಟಲೆ ಬಳಕೆಗೆ ಬರುವ ಕಟ್ಟಡ, ಯಂತ್ರಗಳಂಥವುಗಳ ಹೂಡಿಕೆ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಸರಕು? ಅದೂ ಹೂಡಿಕೆಯೇ! ಈ ಮಾತನ್ನು ಬಹಳ ಜನ ನಂಬುವುದಿಲ್ಲ.

ಸಕ್ಕರೆ ಕಾರ್ಖಾನೆಯನ್ನೇ ನೋಡಿ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿಯಿತು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಟ್ಟೆ, ನಾಲೆ, ಗಾಣದ ಯಂತ್ರ ಮೂರೂ ಸ್ಥಿರ ಆಸ್ತಿ. 1956ರ ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಅದನ್ನು ರೂಪಿಸಿದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಒತ್ತು ಕೊಟ್ಟದ್ದೂ ಇಂಥ ಯಂತ್ರಗಳಿಗೆ, ಅದಕ್ಕಿಂತ ಹೆಚ್ಚಾಗಿ ಯಂತ್ರಗಳನ್ನೇ ತಯಾರಿಸುವ ಉದ್ಯಮಗಳಿಗೆ. ಹೂಡಿಕೆ ಎಂದರೆ ಉಕ್ಕು, ಅಣೆಕಟ್ಟು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತದ್ದು ಆ ಕಾಲದಲ್ಲೇ. ದಾಸ್ತಾನಿನ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಆದರೆ ಕಬ್ಬಿನ ಸ್ವಭಾವ ನೋಡಿ. ಕಟಾವಾದ ಕ್ಷಣದಿಂದ ಕಿಣ್ವಗಳು ಅದರ ಸುಕ್ರೋಸನ್ನು (ನಾವು ತಿನ್ನುವ ಸಕ್ಕರೆ ಇದೇ) ಗ್ಲೂಕೋಸ್, ಫ್ರುಕ್ಟೋಸ್ ಆಗಿ ಒಡೆಯತೊಡಗುತ್ತವೆ. ಆ ಎರಡೂ ಹರಳುಗಟ್ಟಿ ಕೈಗೆ ಬರುವುದಿಲ್ಲ. ಹಾಗಾಗಿ ಲಾರಿ ಗೇಟಿನಲ್ಲಿ ಕಾದಷ್ಟೂ ಇಳುವರಿ ಕುಸಿಯುತ್ತದೆ. ನೂರು ಟನ್ ಕಬ್ಬಿಗೆ ಸಿಗುವ ಸಕ್ಕರೆಯೇ ಸುಮಾರು ಹತ್ತು ಟನ್. ಆದ್ದರಿಂದ ಹಂಗಾಮಿನ ಕೆಲವೇ ತಿಂಗಳಲ್ಲಿ ಎಲ್ಲವನ್ನೂ ಅರೆದು ಮುಗಿಸಬೇಕು. ಜನ ಸಕ್ಕರೆ ಕೊಳ್ಳುವುದು ಮಾತ್ರ ವರ್ಷಪೂರ್ತಿ. ಯಾವ ತಿಂಗಳು ಎಷ್ಟು ಮಾರಬಹುದೆಂಬ ಕೋಟಾವನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಕಣಜವನ್ನು ಸುಗ್ಗಿಯಲ್ಲಿ ತುಂಬಿಸಿ ವರ್ಷವಿಡೀ ಬಳಸುವ ಹಾಗೆ, ಐವತ್ತು ಕಿಲೋ ಚೀಲಗಳು ಗೋದಾಮಿನಲ್ಲಿ ಸೂರು ಮುಟ್ಟಿ, ನಿಧಾನವಾಗಿ ಇಳಿಯುತ್ತವೆ.

ಲೆಕ್ಕದ ಸೂಕ್ಷ್ಮ ಇರುವುದು ಇಲ್ಲಿ. ಹೂಡಿಕೆಯೆಂದು ಎಣಿಸುವುದು ದಾಸ್ತಾನನ್ನಲ್ಲ, ಅದರ ಏರಿಳಿತವನ್ನು. ಕಳೆದ ಮಾರ್ಚ್ 31ಕ್ಕೆ ಐದು ಸಾವಿರ ಟನ್ ಇದ್ದು ಈ ಮಾರ್ಚ್ 31ಕ್ಕೂ ಅಷ್ಟೇ ಇದ್ದರೆ, ಗೋದಾಮು ತುಂಬಿದ್ದರೂ ಹೂಡಿಕೆ ಸೊನ್ನೆ. ಆರು ಸಾವಿರವಾಗಿದ್ದರೆ ಒಂದು ಸಾವಿರ ಟನ್ನಿನ ಬೆಲೆಯಷ್ಟು ಹೂಡಿಕೆ. ಅದು ಮುಂದಾಲೋಚನೆಯಿಂದ ಕೂಡಿಟ್ಟದ್ದೋ, ಗಿರಾಕಿ ಸಿಗದೆ ಉಳಿದದ್ದೋ ಎಂದು ಅಂಕಿ ಹೇಳುವುದಿಲ್ಲ.

ಈ ದಾಸ್ತಾನಿಗೆ ದುಡ್ಡು ಹಾಕುವವರು ಯಾರು? ಚೀಲಗಳನ್ನು ಅಡವಿಟ್ಟುಕೊಂಡು ಬ್ಯಾಂಕು ಸಾಲ ಕೊಡುತ್ತದೆ, ಪೂರ್ತಿ ಬೆಲೆಗಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ರೈತನಿಗೆ ಹಣ ಸೇರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಸಕ್ಕರೆ ಮಾರಿ ಹಣ ಬರಲು ತಿಂಗಳುಗಳೇ ಬೇಕು. ನಡುವಿನ ಕಂದಕ ತುಂಬದಿದ್ದಾಗ ಅದಕ್ಕೆ ‘ಬಾಕಿ’ ಎಂಬ ಹೆಸರು. ಆಗ ಗೋದಾಮಿನ ಬಂಡವಾಳಗಾರ, ಯಾರೂ ಕೇಳದೆಯೇ, ರೈತ. ಮಗಳ ಫೀಸಿಗೆ ಅವನು ಕೈಸಾಲ ಮಾಡಬೇಕು. ಇದನ್ನು ಬರೀ ಕಾರ್ಖಾನೆಯ ಕೆಟ್ಟತನ ಎನ್ನುವುದು ಅರ್ಧ ಸತ್ಯ. 2018ರಲ್ಲಿ ಕೇಂದ್ರ ಸರ್ಕಾರ 30 ಲಕ್ಷ ಟನ್ ಕಾಪು ದಾಸ್ತಾನಿನ (ಮಾರದೆ ತೆಗೆದಿಟ್ಟ ಸಕ್ಕರೆಯ) ಖರ್ಚು ತಾನು ಹೊತ್ತದ್ದು ಈ ಕಂದಕಕ್ಕಾಗಿಯೇ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಇನ್ನೊಂದು ದಾರಿ. ಕಬ್ಬಿನ ರಸ ತೈಲ ಕಂಪನಿಗಳಿಗೆ ಎಥೆನಾಲ್ ಆಗಿ ಹೋದರೆ ಅಷ್ಟು ಸಕ್ಕರೆ ಗೋದಾಮಿಗೆ ಸೇರುವುದೇ ಇಲ್ಲ. ಅದಕ್ಕೆ ಡಿಸ್ಟಿಲರಿ ಕಟ್ಟಬೇಕು, ಅಂದರೆ ದಾಸ್ತಾನಿನ ಹೊರೆ ತಪ್ಪಿಸಲು ಮತ್ತೆ ಸ್ಥಿರ ಆಸ್ತಿಗೇ ಹಣ ಸುರಿಯಬೇಕು. ಹೊಸ ಸಾಲ ಹುಟ್ಟುವ ಕಾರ್ಖಾನೆಗಳು ಕಟ್ಟಿಕೊಳ್ಳುತ್ತವೆ. ಹಳೆಯ ಸಾಲದಲ್ಲೇ ಮುಳುಗಿರುವ ಕಾರ್ಖಾನೆಗೆ ಕಬ್ಬು ಹಾಕುವ ರೈತರ ಬಾಕಿ ಹಾಗೇ ಉಳಿಯುತ್ತದೆ.