ಕಂಪ್ಲೇಂಟ್ ತಿದ್ದಿದ್ರೆ ಬಾಕಿ ಇರೋ ಮೋಷನ್‌ಗಳ ಗತಿ ಏನು? (ಅಮೆರಿಕದ ಕೈದಿಗಳ ಸಿವಿಲ್ ಕೇಸು)

ಇದು ಅಮೆರಿಕದ ಫೆಡರಲ್ ಕೋರ್ಟಲ್ಲಿ ಕೈದಿಗಳು ಸೆಕ್ಷನ್ 1983ರ ಕೆಳಗೆ (ರಾಜ್ಯದ ಅಧಿಕಾರಿಗಳು ಹಕ್ಕು ಮುರಿದ್ರೆ ದಾವೆ ಹಾಕೋಕೆ ಬಿಡೋ ಕಾನೂನು), ಹೆಚ್ಚಾಗಿ ವಕೀಲರಿಲ್ದೆ ತಾವೇ ಬರ್ಕೊಂಡು ಹಾಕೋ ದಾವೆಗಳ ಬಗ್ಗೆ. ಕಂಪ್ಲೇಂಟ್ ಅಂದ್ರೆ ದಾವೆ ಶುರುಮಾಡೋ ಅರ್ಜಿ, ಮೋಷನ್ ಅಂದ್ರೆ ಕೇಸಿನ ಮಧ್ಯೆ ಕೋರ್ಟಿಗೆ 'ಇಂಥದ್ದು ಮಾಡಿ' ಅಂತ ಹಾಕೋ ಅರ್ಜಿ.

ರೂಲ್ 15 (ಫೆಡರಲ್ ಸಿವಿಲ್ ಕೇಸುಗಳ ನಿಯಮ): ಒಂದು ಸಲ ಯಾರನ್ನೂ ಕೇಳದೆ ತಿದ್ದಬಹುದು, ಎದುರು ಪಾರ್ಟಿ ಉತ್ತರನೋ ಡಿಸ್ಮಿಸ್ ಮೋಷನ್ನೋ (ಕೇಸು ವಜಾ ಮಾಡಿ ಅನ್ನೋದು) ಸರ್ವ್ ಮಾಡಿದ್ರೆ, ಅಂದ್ರೆ ಕೈದಿಗೆ ತಲುಪಿಸಿದ್ರೆ, ಅಲ್ಲಿಂದ 21 ದಿನದೊಳಗೆ. ಅದು ದಾಟಿದ್ರೆ ಅವರ ಒಪ್ಪಿಗೆ ಬೇಕು, ಇಲ್ಲಾ ಕೋರ್ಟಿನ ಅನುಮತಿ. ಇಷ್ಟು ಸಾಕು.

ತಲೆ ತಿನ್ನೋದು ಇದು. ಹೊಸ ಕಂಪ್ಲೇಂಟ್ ಬಂತು ಅಂದ್ರೆ ಹಳೇದು ಲೆಕ್ಕಕ್ಕಿಲ್ಲ, ಹಂಗಾಗಿ ಹಳೇದರ ಮೇಲೆ ಹಾಕಿದ್ದ ಡಿಸ್ಮಿಸ್ ಮೋಷನ್ನಿಗೂ ಕೆಲಸ ಇಲ್ಲ, ಕೋರ್ಟು 'ಮೂಟ್', ಅಂದ್ರೆ ತೀರ್ಮಾನಿಸೋಕೆ ಏನೂ ಉಳಿದಿಲ್ಲ ಅಂತ ತಳ್ಳಿಹಾಕುತ್ತೆ (ಕ್ಯಾಲಿಫೋರ್ನಿಯಾ ಸೇರಿದ ಪಶ್ಚಿಮ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟಾದ 9ನೇ ಸರ್ಕ್ಯೂಟಿನ ರಾಮಿರೆಜ್ ತೀರ್ಪು, 2015). ಮೋಷನ್ ಬಿದ್ದೋಯ್ತು, ಸರಿ, ಆದ್ರೆ ಕೈದಿ ಗೆದ್ದಂಗಲ್ಲ! ಅದರಲ್ಲಿದ್ದ ವಾದ ಸರಿನೋ ತಪ್ಪೋ ಜಡ್ಜ್ ನೋಡೇ ಇಲ್ಲ, ಅದೇ ವಾದ ಹೊಸ ಕಂಪ್ಲೇಂಟ್ ಮೇಲೆ ಮತ್ತೆ ಬರಬಹುದು. ಇನ್ನೂ ಒಂದಿದೆ, ಹಳೇ ಲೋಪ ಹೊಸದರಲ್ಲೂ ಹಂಗೇ ಉಳ್ಕೊಂಡಿದ್ರೆ ಕೆಲವು ಕೋರ್ಟುಗಳು ಹಳೇ ಮೋಷನ್ನನ್ನೇ ಹೊಸದಕ್ಕೂ ಹಚ್ಚಿ ತೀರ್ಮಾನ ಮಾಡ್ತವೆ, ಹಂಗಾಗಿ ತಿದ್ದಿದ್ರೆ ಮೋಷನ್ ತಾನಾಗೇ ಸಾಯುತ್ತೆ ಅಂತ ಪರೀಕ್ಷೇಲಿ ಬರೀಬೇಡಿ.

ನಂಗೆ ಇಷ್ಟವಾದ ಶಾರ್ಟ್‌ಕಟ್: ಈ ಮೋಷನ್ ಯಾವುದರ ಮೇಲೆ ನಿಂತಿದೆ ಅಂತ ಕೇಳ್ಕೊಳ್ಳಿ. ವಕೀಲರನ್ನ ಕೊಡಿಸಿ, ಫೀಸ್ ಕಂತಲ್ಲಿ ಕಟ್ತೀನಿ ಅನ್ನೋವು ಕೈದಿಯ ಪರಿಸ್ಥಿತಿ ಮೇಲೆ ನಿಂತಿರೋದು, ಬರೀ ತಿದ್ದುಪಡಿಯಿಂದ ಅವು ಬೀಳಲ್ಲ. ಪ್ರಿಲಿಮಿನರಿ ಇಂಜಂಕ್ಷನ್ ಮೋಷನ್ (ಕೇಸು ಮುಗಿಯೋ ತನಕ ತಾತ್ಕಾಲಿಕ ಆದೇಶ ಕೊಡಿ ಅನ್ನೋದು) ಮಾತ್ರ ಕಂಪ್ಲೇಂಟಿನ ಆರೋಪಗಳ ಮೇಲೆ ನಿಂತಿರೋದ್ರಿಂದ ಎಷ್ಟೋ ಸಲ ಮೂಟ್ ಆಗುತ್ತೆ, ಬೇಕಂದ್ರೆ ಮತ್ತೆ ಹಾಕ್ಬೇಕು.

ಒಂದು ಕಲ್ಪಿತ ಉದಾಹರಣೆ. ಕ್ಯಾಲಿಫೋರ್ನಿಯಾದ ಕೈದಿಯೊಬ್ಬ, ಇನ್ಸುಲಿನ್ ಕೊಡ್ಲಿಲ್ಲ ಅಂತ ಜೈಲಿನ ಡಾಕ್ಟರ್ ಮೇಲೆ, ಹೊಡೆದ ಅಂತ ಗಾರ್ಡ್ ಮೇಲೆ ಕೇಸ್ ಹಾಕಿದಾನೆ. ತಿದ್ದುವಾಗ ಡಾಕ್ಟರ್ ವಿಷ್ಯ ಮಾತ್ರ ಚೆನ್ನಾಗಿ ಬರೆದು, 'ಉಳಿದದ್ದು ಹಿಂದಿನಂತೆ' ಅಂತ ಒಂದು ಸಾಲು ಹಾಕಿದ. ಆ ಸಾಲು ನಡೆಯಲ್ಲ, ಅಲ್ಲಿನ ಈಸ್ಟರ್ನ್ ಡಿಸ್ಟ್ರಿಕ್ಟ್ ಫೆಡರಲ್ ಕೋರ್ಟಿನ ಲೋಕಲ್ ರೂಲ್ 220 ಪ್ರಕಾರ ಹೊಸ ಕಂಪ್ಲೇಂಟ್ ತನ್ನಲ್ಲೇ ಪೂರ್ತಿ ಇರ್ಬೇಕು. ಹಂಗೇ ಬಿಟ್ರೆ ಗಾರ್ಡ್ ಕೇಸಿಂದ ಹೊರಗೆ, ಗಾರ್ಡ್ ಹಾಕಿದ್ದ ಮೋಷನ್ನೂ ಮೂಟ್. ಕೈದಿ ತಾನೇ ಗಾರ್ಡನ್ನ ಕೇಸಿಂದ ಬಿಟ್ಟುಕೊಟ್ಟಂಗಾಯ್ತು.

ಹೊಸ ಕಂಪ್ಲೇಂಟನ್ನೂ ಕೋರ್ಟು ಸೆಕ್ಷನ್ 1915ಎ (ಕೈದಿಗಳ ಕಂಪ್ಲೇಂಟನ್ನ ಕೋರ್ಟು ತಾನೇ ಮೊದ್ಲು ಪರಿಶೀಲಿಸಬೇಕು ಅನ್ನೋ ಕಾನೂನು) ಕೆಳಗೆ ಮತ್ತೆ ಜಾಲಾಡುತ್ತೆ. ಹೊಸದಾಗಿ ನಡೆದ ಘಟನೆ ಸೇರಿಸೋದಾದ್ರೆ, ಜೈಲಿನೊಳಗಿನ ದೂರು ಪ್ರಕ್ರಿಯೆ ತಿದ್ದಿದ ಕಂಪ್ಲೇಂಟ್ ಸಲ್ಲಿಸೋ ಮೊದ್ಲೇ ಮುಗಿಸಿದ್ರೆ 9ನೇ ಸರ್ಕ್ಯೂಟಲ್ಲಿ ಸಾಕು (ರೋಡ್ಸ್, 2010).